ಅಪ್ಪನ ಚಾಕು, ಭಾವನ ಕಿವಿ

ಭಾವ ನನ್ನ ಚಾಕುವಿನಲ್ಲಿ ಕಿವಿ ಕೆರೆದುಕೊಳ್ಳುತ್ತಿದ್ದರು. ಜಗಲಿಯ ಮೇಲೆ ಕೂತು, ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಅದರ ಪುಟ್ಟ ಸ್ಕ್ರೂಡ್ರೈವರನ್ನು ಕಿವಿಯೊಳಗೆ ತಿರುವುತ್ತಿದ್ದರು. ಆಮೇಲೆ ಪಂಚೆಗೆ ಒರೆಸಿ, ಅದರಲ್ಲೇ ಸೈಕಲ್ಲಿನ ಬ್ರೇಕು ಬಿಗಿ ಮಾಡುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಭಾವ ಎಂದರೆ ನನ್ನ ಗಂಡನ ಅಣ್ಣ. ಬಹುವಚನದಲ್ಲಿ ಬರೆಯುತ್ತಿರುವುದು ಅಭ್ಯಾಸಬಲದಿಂದ, ಮರ್ಯಾದೆಯಿಂದಲ್ಲ.

ಆ ಚಾಕು ನನ್ನ ಅಪ್ಪನದು. ಅಪ್ಪ ಮೈಸೂರು ಮೈನ್ಸಿನ ಚಿನ್ನದ ಗಣಿಯೊಳಗೆ ಇಳಿಯುತ್ತಿದ್ದವರು. ಚಾಕು ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಯಲ್ಲಿ ಕೊಂಡದ್ದು. ಮಡಚಿದರೆ ಕಿರುಬೆರಳಿಗಿಂತ ಚಿಕ್ಕದು. ಒಂದು ಬದಿಗೆ ಅಲಗು, ಇನ್ನೊಂದು ಬದಿಗೆ ಅಕ್ಕಿಕಾಳಿನಷ್ಟು ತುದಿಯ ಸ್ಕ್ರೂಡ್ರೈವರ್. ಪಾಳಿ ಮುಗಿಸಿ ಬರುವಾಗ ಗೇಟಿನಲ್ಲಿ ಎಲ್ಲರ ಮೈ ತಡವಿ ನೋಡುತ್ತಿದ್ದರು. ಜೇಬಿನಲ್ಲಿ ಚೂಪಾದದ್ದೇನು ಸಿಕ್ಕರೂ ಚಿನ್ನ ಕೆರೆಯಲಿಕ್ಕೇ ಇಟ್ಟುಕೊಂಡಿದ್ದಾನೆ ಎಂದು ಅನುಮಾನ. ಅದಕ್ಕೆ ಅಪ್ಪ ಪಾಳಿಗೆ ಹೋಗುವ ಮುಂಚೆ ಚಾಕುವನ್ನು ಗೇಟಿನ ಹೊರಗಿನ ಗೋಡೆಯ ಸಂದಿಯಲ್ಲಿ ಸಿಕ್ಕಿಸಿ, ಬರುವಾಗ ತೆಗೆದುಕೊಳ್ಳುತ್ತಿದ್ದರು. ಅಷ್ಟು ಜನ ಓಡಾಡುವ ಜಾಗದಲ್ಲಿ ಅದನ್ನು ಒಬ್ಬರೂ ಮುಟ್ಟಲಿಲ್ಲ. ಮದುವೆಯಾಗಿ ಬಂಗಾರಪೇಟೆ ಪಕ್ಕದ ಹಳ್ಳಿಗೆ ಬಂದೆನಲ್ಲ, ಇಲ್ಲಿ ನನ್ನ ಟ್ರಂಕಿನೊಳಗಿಂದಲೇ ಮಾಯವಾಯಿತು.

ತವರಿನಿಂದ ನನ್ನದೆಂದು ಬಂದದ್ದು ಎರಡು: ಹೊಲಿಗೆ ಮಿಷನ್ನು ಮತ್ತು ಈ ಚಾಕು. ಒಂದಿಲ್ಲದೆ ಇನ್ನೊಂದು ನಡೆಯುತ್ತಿರಲಿಲ್ಲ. ಮಿಷನ್ನಿನ ಅಡಿಯಲ್ಲಿ ನೂಲು ಸುತ್ತಿದ ಬಾಬಿನ್ ಕೂರುವ ಉಕ್ಕಿನ ಗೂಡಿಗೆ ಸಾಸಿವೆಯಷ್ಟು ಚಿಕ್ಕ ಸ್ಕ್ರೂ ಇರುತ್ತದೆ. ಕೆಳಗಿನ ನೂಲು ಬಿಗಿಯಾಗಿ ಬರಬೇಕೋ ಸಡಿಲವಾಗಿಯೋ ಎಂಬುದು ಅದರ ಕೈಯಲ್ಲಿ. ಬಟ್ಟೆ ಬದಲಾದಾಗಲೆಲ್ಲ ಅದನ್ನು ಒಂದಿಷ್ಟು ತಿರುಗಿಸಬೇಕು. ನನ್ನ ಮಿಷನ್ನಂತೂ ಹಳೆಯದು; ಒಂದು ರವಿಕೆ ಮುಗಿಯುವುದರೊಳಗೆ ಸ್ಕ್ರೂ ತಾನಾಗಿಯೇ ಸಡಿಲವಾಗುತ್ತಿತ್ತು.

ಸಣ್ಣಪುಟ್ಟ ರಿಪೇರಿಯೆಲ್ಲ ನಾನು ಅದರಲ್ಲೇ ಮಾಡುತ್ತಿದ್ದೆ. ಟಾರ್ಚಿನ ಸ್ವಿಚ್ಚು, ರೇಡಿಯೋದ ತಿರುಪು, ಮೇಜಿನ ಗಡಿಯಾರದ ಬೆನ್ನು. ಅತ್ತೆಯ ಕನ್ನಡಕದ ಕಡ್ಡಿಯನ್ನೂ ನಾನೇ ಬಿಗಿ ಮಾಡಿಕೊಟ್ಟೆ. ಆಕೆ ಅದನ್ನು ಹಾಕಿಕೊಂಡು ನಾನು ಆರಿಸಿದ ಅಕ್ಕಿಯಲ್ಲಿ ಕಲ್ಲು ಹುಡುಕಿದರು. ಹೆಂಗಸಿನ ಕೈಯಲ್ಲಿ ಸ್ಕ್ರೂಡ್ರೈವರ್ ನೋಡಿ ಭಾವನಿಗೆ ತಡೆಯಲಾಗಲಿಲ್ಲ.

ನಮ್ಮ ಮನೆಯ ಪದ್ಧತಿಯೊಂದಿತ್ತು. ಗಂಡನ ಅಣ್ಣ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವಂತಿಲ್ಲ, ಅವಳೂ ಎದುರು ನಿಂತು ಮಾತಾಡುವಂತಿಲ್ಲ. ಎಲ್ಲವೂ ಅತ್ತೆಯ ಮೂಲಕ. ಭಾವನ ಹೆಂಡತಿ ತೀರಿಕೊಂಡಿದ್ದರು, ನನ್ನ ಗಂಡ ಬೆಳಗಿನ ರೈಲಿಗೆ ಕೆಲಸಕ್ಕೆ ಹೊರಟರೆ ಕತ್ತಲಾದ ಮೇಲೆ ಬರುವವರು. ಹಾಗಾಗಿ ಭಾವ ಜಗಲಿಯಿಂದ ಕೂಗುವುದು, ನಾನು ಅಡುಗೆಮನೆಯಿಂದ ಕೂಗುವುದು, ನಡುಮನೆಯಲ್ಲಿ ಅತ್ತೆ ಕೂತು ಇಬ್ಬರ ಮಾತನ್ನೂ ತಮಗೆ ಬೇಕಾದಷ್ಟೇ ದಾಟಿಸುವುದು. ಚಾಕುವನ್ನು ನನ್ನ ಕೇಳಿ ತೆಗೆದುಕೊಳ್ಳಲು ಭಾವನಿಗೆ ಪದ್ಧತಿ ಅಡ್ಡ ಬಂತು. ಕೇಳದೆ ತೆಗೆದುಕೊಳ್ಳಲು ಯಾವುದೂ ಅಡ್ಡ ಬರಲಿಲ್ಲ.

"ಅತ್ತೆ, ನನ್ನ ಚಾಕು ಬೇಕು. ಮಿಷನ್ ನಿಂತೋಗೈತೆ," ಅಂದೆ.

ಜಗಲಿಯಿಂದಲೇ ಉತ್ತರ ಬಂತು. "ಅಮ್ಮಾ, ಎಂಗಸ್ರಿಗೆ ಯಾಕಂತೆ ಚಾಕು? ಬಟ್ಟೆ ಒಲ್ಯೋರ್ಗೆ ಸೂಜಿ ಸಾಕು ಅಂತ ಏಳು."

ಅತ್ತೆ ನಕ್ಕರು. ಆ ನಗು ಇವತ್ತಿಗೂ ನನಗೆ ಆಗುವುದಿಲ್ಲ.

ಆ ಸ್ಕ್ರೂವನ್ನು ಸೂಜಿಯ ಮೊನೆಯಲ್ಲಿ ತಿರುಗಿಸಿ ನೋಡಿದೆ, ಹೇರ್‌ಪಿನ್ನಿನಲ್ಲಿ ನೋಡಿದೆ, ಈಳಿಗೆಮಣೆಯ ತುದಿಯನ್ನೂ ಬಿಡಲಿಲ್ಲ. ಕೈ ಕುಯ್ದುಕೊಂಡದ್ದೇ ಬಂತು. ಬೇತಮಂಗಲದ ಕಡೆಯ ಮದುವೆ ಮನೆಯೊಂದರ ರವಿಕೆಗಳನ್ನು ಒಪ್ಪಿಕೊಂಡಿದ್ದೆ. ಹೊಲಿದದ್ದನ್ನು ಎಳೆದರೆ ನೂಲು ಜಾರಿ ಬಾಯಿ ಬಿಡುತ್ತಿತ್ತು. ಮದುಮಗಳ ತಾಯಿ ಬಂದು ಅಂಗಳದಲ್ಲೇ ನಿಂತು, ಅಕ್ಕಪಕ್ಕದವರಿಗೆ ಕೇಳಿಸುವ ಹಾಗೆ ಮಾತಾಡಿ, ಬಟ್ಟೆ ವಾಪಸ್ಸು ತೆಗೆದುಕೊಂಡು ಹೋದಳು. ಅತ್ತೆ ಅವತ್ತೇ ತೀರ್ಪು ಕೊಟ್ಟರು.

"ಅಬ್ಬ ಕಳೀಲಿ, ಈ ಮಿಷನ್ನ ಅಟ್ಟಕ್ಕೆ ಆಕುಸ್ತೀನಿ. ಎಮ್ಮೆ ನೋಡ್ಕೊಂಡು ಬಿದ್ದಿರು."

ಎಮ್ಮೆಯ ಕೆಲಸ ನಾನು ಮಾಡುತ್ತಲೇ ಇದ್ದೆ. ಆದರೆ ಸೆಗಣಿ ತೊಳೆದ ಕೈ ಒರೆಸಿಕೊಂಡು ಮಿಷನ್ನಿನ ಮುಂದೆ ಕೂತಾಗ ಮಾತ್ರ ಆ ಮನೆಯಲ್ಲಿ ನಾನು ಯಾರೋ ಒಬ್ಬಳು ಅನಿಸುತ್ತಿತ್ತು. ಹೆಂಗಸರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅದು ಅಟ್ಟ ಸೇರಿದರೆ ನಾನೂ ಕೊಟ್ಟಿಗೆ ಸೇರಿದಂತೆಯೇ. ಇದು ಅತ್ತೆಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

ಅತ್ತೆ ಹೇಳಿದ ಹಬ್ಬ ಆಯುಧಪೂಜೆ. ನಡುಮನೆಯಲ್ಲಿ ಮಣೆ ಹಾಕಿ, ಅವರವರ ಆಯುಧವನ್ನು ಅವರವರೇ ತಂದಿಡಬೇಕು. ಕುಂಕುಮ ಹಚ್ಚಿದ ಮೇಲೆ ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ನೇಗಿಲಿನ ಗುಳ, ಮಚ್ಚು, ಕುಡುಗೋಲು, ಹಾಲಿನ ಕ್ಯಾನು ಎಲ್ಲ ಬಂದವು. ಕೊನೆಗೆ ಭಾವ ಬಂದು, ತಮ್ಮ ಸಾಮಾನಿನ ಸಾಲಿನಲ್ಲಿ ನನ್ನ ಅಪ್ಪನ ಚಾಕುವನ್ನು ಇಟ್ಟು, ಮೇಲೊಂದು ಸೇವಂತಿಗೆ ಹೂವನ್ನೂ ಇಟ್ಟರು. ದೇವರ ಮುಂದೆ ಇಟ್ಟರೆ ಆಯಿತು, ಅಂದಿನಿಂದ ಅದು ಇಟ್ಟವರದ್ದು. ಕೇಳುವವರಿಲ್ಲ. ಆ ಹೂವನ್ನು ನೋಡಿ ನನಗೆ ತಲೆ ಕೆಟ್ಟುಹೋಯಿತು.

ಮಂಗಳಾರತಿ ಮುಗಿದದ್ದೇ ಕೈ ಹಾಕಿ ಚಾಕು ತೆಗೆದುಕೊಂಡೆ, ಬಿಚ್ಚಿದೆ. ಸ್ಕ್ರೂಡ್ರೈವರಿನ ತುದಿಯೇ ಇರಲಿಲ್ಲ. ಎಲ್ಲೋ ಏನನ್ನೋ ಮೀಟಲು ಹೋಗಿ ಮುರಿದು, ಮಡಚಿ, ಹೂ ಮುಡಿಸಿದ್ದರು.

"ಅಯ್ಯಯ್ಯೋ, ಪೂಜೆಗಿಟ್ಟಿದ್ದನ್ನ ಮುಟ್ಬುಟ್ಟಳಲ್ಲೋ!" ಅತ್ತೆ ಎದೆ ಬಡಿದುಕೊಂಡರು.

"ಮುರ್ದಿರೋದು ನೋಡಿ ಅತ್ತೆ, ಆಮೇಲೆ ಎದೆ ಬಡ್ಕೊಳ್ಳಿ," ಅಂದೆ.

ಮುರಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬೈಗುಳವೆಲ್ಲ ಮುಟ್ಟಿದವಳಿಗೆ. ರಜೆಯೆಂದು ಮನೆಯಲ್ಲಿದ್ದ ನನ್ನ ಗಂಡ ತಟ್ಟೆಯೊಳಗಿನ ಕಡ್ಲೆಪುರಿಯನ್ನೇ ಓದುವವರಂತೆ ನೋಡುತ್ತಾ ಕೂತರು. ನಾನು ಸೀದಾ ಹಿತ್ತಿಲಿಗೆ ಹೋಗಿ, ಕುಡುಗೋಲು ಮಸೆಯುವ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನೀರು ಚಿಮುಕಿಸಿ ಮುರಿದ ತುದಿಯನ್ನು ಉಜ್ಜತೊಡಗಿದೆ. ಒಳಗೆ ಶಾಪ ಹಾಕುವುದು ನಡೆದೇ ಇತ್ತು. ನಡುನಡುವೆ ಎದ್ದು ಬಂದು ಬಾಬಿನ್ ಗೂಡಿಗೆ ಹಿಡಿದು ನೋಡುತ್ತಿದ್ದೆ, ಮತ್ತೆ ಹೋಗಿ ಉಜ್ಜುತ್ತಿದ್ದೆ. ಮೊದಲಿದ್ದಷ್ಟೇ ಅಗಲ ಉಳಿಸಿಕೊಳ್ಳಬಹುದಿತ್ತು. ಬೇಕೆಂದೇ ಇನ್ನೂ ಸಣ್ಣಗೆ ಮಾಡಿದೆ. ಸಾಸಿವೆಯಷ್ಟು ಸ್ಕ್ರೂ ಬಿಟ್ಟು ಜಗತ್ತಿನ ಬೇರೆ ಯಾವುದಕ್ಕೂ ಕೂರದ ಹಾಗೆ ಮಸೆದೆ.

ಸಂಜೆಯ ಹೊತ್ತಿಗೆ ಚಾಕುವನ್ನು ತಂದು, ಅದೇ ಜಾಗದಲ್ಲಿ, ಅದೇ ಹೂವಿನಡಿಯಲ್ಲಿ ಇಟ್ಟೆ. ನನಗೆ ನನ್ನ ತಪ್ಪಿನ ಅರಿವಾಯಿತು ಎಂದುಕೊಂಡರು ಅತ್ತೆ.

ಮರುದಿನ ಭಾವ ಸೈಕಲ್ಲಿನ ಮುಂದೆ ಕೂತರು. ತುದಿ ಸ್ಕ್ರೂವಿನ ಗೀರಿನೊಳಗೆ ಲೊಡಲೊಡ ಆಡಿತು. ಟಾರ್ಚಿಗೆ ಹಾಕಿ ನೋಡಿದರು, ಅಲ್ಲೂ ಅದೇ. ಕಿವಿಗೆ ಹಾಕಿಕೊಂಡು "ಅಮ್ಮಾ!" ಎಂದು ಚೀರಿದರು. ನಾನು ಕಿಟಕಿಯಲ್ಲಿ ನಿಂತು ಕಣ್ತುಂಬ ನೋಡಿದೆ.

"ಯಾವ್ ಕೆಲ್ಸಕ್ಕೂ ಬರಲ್ಲ ಇದು. ಅವಳ್ಗೇ ಬಿಸಾಕಮ್ಮಾ," ಎಂದು ಅಂಗಳಕ್ಕೆ ಎಸೆದರು. ಕೋಳಿಗಳ ನಡುವಿನಿಂದ ಆರಿಸಿಕೊಂಡು ಬಂದೆ. ಅವತ್ತು ಮಧ್ಯಾಹ್ನ ಅತ್ತೆಯ ಹಳೆಯ ಸೀರೆಯ ತುಂಡೊಂದನ್ನು ಹೊಲಿದು, ಅವರ ಮುಂದೆಯೇ ಎರಡೂ ಕೈಯಲ್ಲಿ ಜಗ್ಗಿದೆ. ಬಟ್ಟೆ ಹರಿಯಿತು, ಹೊಲಿಗೆ ಬಿಡಲಿಲ್ಲ. ಮಿಷನ್ನು ಅಟ್ಟಕ್ಕೆ ಹೋಗಲಿಲ್ಲ.

ಆಮೇಲೆ ಅತ್ತೆಯೂ ತೀರಿಕೊಂಡರು. ಭಾವನಿಗೂ ನನಗೂ ನಡುವೆ ಮಾತು ದಾಟಿಸುವವರು ಇಲ್ಲವಾದರು. ಊಟದ ತಟ್ಟೆ ಇಡುವುದು, ಎತ್ತುವುದು, ಅಷ್ಟೇ. ಹಾಗೇ ವರ್ಷಗಳು ಕಳೆದವು. ಭಾವನಿಗೂ ಕನ್ನಡಕ ಬಂತು. ಒಂದು ದಿನ ಅದನ್ನು ಕೈಯಲ್ಲಿ ಹಿಡಿದು ನನ್ನ ಮಿಷನ್ನಿದ್ದ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಕಡ್ಡಿ ಸಡ್ಲ ಆಗೈತೆ," ಎಂದರು, ಗೋಡೆಗೆ.

ನಾನು ಪೆಡಲ್ ತುಳಿಯುತ್ತಲೇ ಇದ್ದೆ. "ಯಾರ್ಗೆ ಏಳ್ತಿದ್ದೀರಿ?"

ಗೋಡೆಯಿಂದ ಮುಖವನ್ನು ನನ್ನ ಕಡೆಗೆ ತಿರುಗಿಸಿದರು. "ನಿಂಗೇ ಕಣಮ್ಮ. ನಿನ್ ಚಾಕೂನಾಗೆ ಒಸಿ ಬಿಗಿ ಮಾಡ್ಕೊಡು."

ನಿನ್ನ ಚಾಕು. ಆ ಮಾತು ಅವರ ಬಾಯಿಂದ ಬರುವುದಕ್ಕೆ ಕಣ್ಣು ಮಂಜಾಗಬೇಕಾಯಿತು. ನನಗೆ ಕರುಣೆಯೇನೂ ಹುಟ್ಟಲಿಲ್ಲ, ಸುಳ್ಳು ಯಾಕೆ ಹೇಳಲಿ. ಕನ್ನಡಕ ಇಸಿದುಕೊಂಡು ಅವರೆದುರಿಗೇ ಸ್ಕ್ರೂ ತಿರುಗಿಸಿದೆ. ಅದೂ ಸಾಸಿವೆಯಷ್ಟೇ ಸ್ಕ್ರೂ; ತುದಿ ಹೇಳಿ ಮಾಡಿಸಿದಂತೆ ಕೂತಿತು. ಭಾವ ಕೈ ಚಾಚಿದರು. ಹಳೆಯ ಅಭ್ಯಾಸ, ಬೆರಳು ಕನ್ನಡಕವನ್ನು ದಾಟಿ ಚಾಕುವಿನ ಕಡೆಗೂ ಬಂದವು. ಚಾಕುವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಕ ಮಾತ್ರ ಕೊಟ್ಟೆ.