ತವರಿನ ಅಂಗಳದಲ್ಲಿ ಎರಡು ಪಾಯಿಂಟು

ನಮ್ಮ ಸೊಸೆ ಬೇಕಂತಲೇ ಆಟ ಬಿಟ್ಟುಕೊಡಲಿಲ್ಲ. ಹಗೆ ಇಟ್ಟುಕೊಂಡು ಆಡಲೂ ಇಲ್ಲ. ಚೆಂಡು ಹಾಕಿದಳು, ಬಿತ್ತು, ಹಳಿಯಾಳ ಗೆದ್ದಿತು. ಹೋದ ಭಾನುವಾರ ದಾಂಡೇಲಿಯಲ್ಲಿ ನಡೆದದ್ದು ಇಷ್ಟೇ. ಇದಕ್ಕಿಂತ ಹೆಚ್ಚಿಗೆ ಯಾರು ಏನು ಹೇಳಿದರೂ ಅದು ಶೇಂಗಾ ತಿನ್ನುತ್ತ ಹೇಳಿದ ಮಾತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸೊಸೆ ರೇಣುಕಾ ದಾಂಡೇಲಿಯ ಹುಡುಗಿ. ಅಪ್ಪನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ. ಕಾಲೊನಿಯ ಅಂಗಳದಲ್ಲಿ ಬಾಸ್ಕೆಟ್‌ಬಾಲ್ ಕಲಿತು, ಮದುವೆಯಾಗುವ ತನಕ ದಾಂಡೇಲಿ ಟೀಮಿಗೆ ಆಡಿದವಳು. ಆಮೇಲೆ ಹಳಿಯಾಳಕ್ಕೆ ನಮ್ಮ ಮನೆಗೆ ಬಂದಳು, ಹೆತ್ತಳು, ಮಗಳು ನಡೆಯಲು ಕಲಿತ ಮೇಲೆ ಅಟ್ಟದಿಂದ ಬೂಟು ಇಳಿಸಿದಳು. ಈಗ ಹಳಿಯಾಳದ ಟೀಮು. ಲೀಗ್ ಮುಗಿದು ನಾಕೌಟ್ ಬಂತು. ಎದುರಿಗೆ ಯಾರು? ದಾಂಡೇಲಿ. ಆಟ ಎಲ್ಲಿ? ಅದೇ ಕಾಲೊನಿ ಅಂಗಳದಲ್ಲಿ.

ಟೀಮಿನಲ್ಲಿ ಅವಳ ಜಾಗ ಗಟ್ಟಿಯಿರಲಿಲ್ಲ. ಮಗು ಆದವಳು ಯಾಕೆ, ಕಾಲೇಜಿನ ಹುಡುಗಿಯರಿಲ್ಲವೇ ಎಂದು ಊರಲ್ಲಿ ಮಾತಿತ್ತು. ಹೊರಡುವಾಗ ಬೂಟಿನ ಲೇಸು ಕಟ್ಟುತ್ತ ಹೇಳಿದ್ದಳು: "ಅತ್ತಿ, ಇವತ್ತ ನನ್ನ ಹೊರಗ ಕೂಡ್ರಿಸಿದ್ರಂದ್ರ ಮತ್ತ ಎಬ್ಬಿಸಂಗಿಲ್ಲ. ಇದ ಕಡೀ ಆಟ." ನಾನು ರೊಟ್ಟಿ ಬುತ್ತಿ ಕಟ್ಟಿಕೊಂಡು, ಮೊಮ್ಮಗಳನ್ನು ಎತ್ತಿಕೊಂಡು, ಅವಳ ಜೊತೆ ಬಸ್ಸು ಹತ್ತಿದೆ.

ಕೂಡಲು ಜಾಗ ಸಿಕ್ಕಿದ್ದು ದಾಂಡೇಲಿಯವರ ನಡುವೆ, ಮುಂದೂ ಅವರೇ, ಪಕ್ಕದಲ್ಲೂ ಅವರೇ. ನನ್ನ ಹಿಂದೆ ಒಂದಿಷ್ಟು ನಮ್ಮ ಹಳಿಯಾಳದವರು. ಪಕ್ಕದಲ್ಲಿ ಶೇಂಗಾ ಬಿಡಿಸುತ್ತ ಕೂತ ಒಬ್ಬ ದಾಂಡೇಲಿಯ ದಪ್ಪ ಮನುಷ್ಯ. (ಸಿಪ್ಪೆಯೆಲ್ಲ ನನ್ನ ಸೀರೆಯ ಮೇಲೆ.)

ಮೊದಲರ್ಧದಲ್ಲಿ ರೇಣುಕಾ ಹಾಕಿದ್ದು ಒಂದೂ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಆಚೆ ಆಡುವವರು ಅವಳ ಜೊತೆಗೇ ಬೆಳೆದವರು. ಅವಳು ಯಾವ ಭುಜ ತಿರುಗಿಸಿ ಯಾವ ಕಡೆ ಹೋಗುತ್ತಾಳೆಂದು ಅವರಿಗೆ ಗೊತ್ತು. ಚೆಂಡು ಅವಳ ಕೈಗೆ ಬಂದರೆ ಸಾಕು, ಇಬ್ಬರು ಬಂದು ಅಂಟಿಕೊಳ್ಳುತ್ತಿದ್ದರು.

ಅಷ್ಟಕ್ಕೇ ನ್ಯಾಯ ಶುರುವಾಯಿತು. ಶೇಂಗಾದವನು ಹೇಳಿದ, ಗಂಡನ ಮನೆಯ ತುಪ್ಪ ಮೈಗೆ ಹತ್ತಿದೆ, ಓಡಲು ಮೈ ಬಗ್ಗುತ್ತಿಲ್ಲ, ನಮ್ಮಲ್ಲಿದ್ದಾಗ ಹೀಗಿರಲಿಲ್ಲ ಎಂದು. ಇನ್ನೊಬ್ಬ, ಕಲಿಸಿದ ಊರಿನ ಮೇಲೆ ಆಡಲು ಬಂದವಳಿಗೆ ದೇವರು ಸರಿಯಾಗಿ ಮಾಡಿದ ಎಂದ. ಹಿಂದಿನಿಂದ ನಮ್ಮ ಊರಿನವರ ದನಿ: "ತವರಿನ ಮ್ಯಾಲ ಕೈ ಏಳವಲ್ದು ನೋಡ್ರಿ. ಒಳಗಿಂದೊಳಗ ಮಾತಾಡ್ಕೊಂಡ ಬಂದಾಳ."

ಅಂದರೆ ಮುಂದಿನವರಿಗೆ ಅವಳು ದಾಂಡೇಲಿಗೆ ದ್ರೋಹ ಮಾಡಿದವಳು. ಹಿಂದಿನವರಿಗೆ ಹಳಿಯಾಳಕ್ಕೆ ದ್ರೋಹ ಮಾಡಿದವಳು. ಒಂದೇ ಹೆಣ್ಣು ಒಂದೇ ಆಟದಲ್ಲಿ ಎರಡೂ ಊರಿಗೆ ಹೇಗೆ ಮೋಸ ಮಾಡುತ್ತಾಳೆ? ಯಾರೂ ಕೇಳಲಿಲ್ಲ. ಕೇಳಿದರೆ ಶೇಂಗಾ ತಿನ್ನುವ ಮಜಾ ಹೋಗುತ್ತದೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಟಿವಿ ನೋಡುತ್ತೇನೆ. ಕ್ರಿಕೆಟ್ ಆಡುವ ಗಂಡಸರನ್ನು ಹರಾಜು ಹಾಕುತ್ತಾರೆ. ಹೋದ ವರ್ಷ ಆ ಊರಿಗೆ, ಈ ವರ್ಷ ಈ ಊರಿಗೆ. ಅವರು ಪ್ರೊಫೆಶನಲ್ಲು. ಹೆಣ್ಣುಮಗಳು ಮದುವೆಯಾಗಿ ಊರು ಬದಲಿಸಿದರೆ ಮಾತ್ರ ಅವಳ ಗುಣ ತೂಗುತ್ತೀರಿ. ಅಡುಗೆ ಕೆಟ್ಟರೂ ತವರು ನೆನಪಾಯಿತೇ ಅನ್ನುತ್ತೀರಿ, ಚೆಂಡು ಬೀಳದಿದ್ದರೂ ಅದನ್ನೇ ಅನ್ನುತ್ತೀರಿ. ನಿಮಗೆ ಬೇರೆ ಮಾತು ಬರುವುದಿಲ್ಲವೇನ್ರಪ್ಪಾ?

ಅರ್ಧ ಆಟ ಮುಗಿದಾಗ ನಮ್ಮ ಊರಿನ ನಾಲ್ಕು ಗಂಡಸರು ಎದ್ದು ಇಮಾಮಸಾಬನ ಕಡೆ ನಡೆದರು. ಇಮಾಮಸಾಬ ಹಳಿಯಾಳದಲ್ಲಿ ಗ್ಯಾರೇಜ್ ಇಟ್ಟವನು, ಸಂಜೆ ಹುಡುಗಿಯರಿಗೆ ಆಟ ಕಲಿಸುತ್ತಾನೆ, ನನ್ನ ಮಗನ ವಾರಿಗೆಯವನು. ರೇಣುಕಾಳನ್ನು ಹೊರಗೆ ಕೂಡಿಸು ಎನ್ನಲು ಹೊರಟಿದ್ದಾರೆಂದು ನನಗೆ ಗೊತ್ತಾಯಿತು. ಮೊಮ್ಮಗಳನ್ನು ಸೊಂಟಕ್ಕೆ ಇಟ್ಟುಕೊಂಡು ನಾನೂ ಇಳಿದೆ. ಅವರಿಗಿಂತ ಮೊದಲು ಮುಟ್ಟಿದೆ.

"ಇಮಾಮಸಾಬ, ಆಕಿಗೆ ಆಟ ಬರಂಗಿಲ್ಲಂದ್ರ ಈಗ ಕೂಡ್ರಸು. ನಾ ಒಂದ ಮಾತ ಅನ್ನಂಗಿಲ್ಲ. ತವರಂತ ಕೂಡ್ರಸಬ್ಯಾಡ."

"ಮಂದಿ ಅಂತಾರ್ರಿ, ಅಮ್ಮಾ."

"ಮಂದಿ ಟಿಕೀಟ್ ತಗೊಂಡ ಬಂದಾರೇನ? ಪುಕ್ಕಟ ಕುಂತಾರ."

ಅವನು ನಕ್ಕ. ಆಮೇಲೆ ರೇಣುಕಾಳನ್ನೇ ಕೇಳಿದ, ಏನು ಮಾಡೋಣ ಎಂದು. ಅವಳು ನೀರು ಕುಡಿದು ಬಾಯಿ ಒರೆಸಿಕೊಂಡಳು. "ನನ್ನ ಮ್ಯಾಲ ಇಬ್ರು ಬೀಳಾಕತ್ತಾರ್ರಿ, ಸರ್. ಅಂದ್ರ ನಮ್ಮಾಕಿ ಒಬ್ಬಾಕಿ ಖಾಲಿ ಇರ್ತಾಳ. ಚೆಂಡ ಆಕಿಗೆ ಕೊಡ್ತೇನಿ."

ಇಮಾಮಸಾಬ ಆ ನಾಲ್ವರ ಕಡೆ ತಿರುಗಿಯೂ ನೋಡಲಿಲ್ಲ. ಅವಳನ್ನೇ ಒಳಗೆ ಕಳಿಸಿದ.

ಇವಳು ಓಡುವುದು, ಇಬ್ಬರನ್ನು ತನ್ನ ಹಿಂದೆ ಎಳೆದುಕೊಳ್ಳುವುದು, ಚೆಂಡು ಬಿಡುವುದು. ಖಾಲಿ ನಿಂತ ಹುಡುಗಿ ಬುಟ್ಟಿಗೆ ಹಾಕುವುದು. ಸ್ಕೋರು ಏರಿತು. ಶೇಂಗಾದವನಿಗೆ ಅದೂ ತಪ್ಪೇ: ಹೆದರಿ ಚೆಂಡು ದಾಟಿಸುತ್ತಿದ್ದಾಳೆ ಎಂದ. ನಾನು ಅವನಿಗೆ ಹೇಳಿದೆ, ಅಣ್ಣಾ, ನೀವು ಬಂದಾಗಿನಿಂದ ಕೂತಲ್ಲಿಂದ ಕಾಲು ಸಹ ಕದಲಿಸಿಲ್ಲ, ಮೊದಲು ನನ್ನ ಸೀರೆ ಜಾಡಿಸಿ ಎಂದು. ಅವನು ಇನ್ನೊಂದು ಶೇಂಗಾ ಬಿಡಿಸಿದ. ಸಿಪ್ಪೆ ನಾನೇ ಜಾಡಿಸಿಕೊಂಡೆ.

ಕೊನೆಗೆ ದಾಂಡೇಲಿ ಒಂದೇ ಪಾಯಿಂಟು ಮುಂದೆ. ಆಟ ಇನ್ನೇನು ಮುಗಿಯಬೇಕು, ರೇಣುಕಾ ಬುಟ್ಟಿಯ ಹತ್ತಿರ ಹಾರಿದಾಗ ಯಾರೋ ಕೈಗೆ ಹೊಡೆದರು. ಫೌಲು. ಹಾಗಾದರೆ ಯಾರೂ ಅಡ್ಡ ಬರದಂತೆ ಎರಡು ಸಲ ಚೆಂಡು ಹಾಕಲು ಬಿಡುತ್ತಾರೆ, ಬಿದ್ದದ್ದಕ್ಕೆ ಒಂದೊಂದು ಪಾಯಿಂಟು.

ಗೆರೆಯ ಹಿಂದೆ ಅವಳೊಬ್ಬಳೇ. ಮುಂದಿನವರು ಕೂಗಿದರು. ಹಿಂದಿನವರು ಎದ್ದು ನಿಂತರು. ಅವಳು ಚೆಂಡನ್ನು ನೆಲಕ್ಕೆ ಪುಟಿಸಿದಳು, ಮೇಲೆ ನೋಡಿದಳು, ಹಾಕಿದಳು. ಬಿತ್ತು. ಮತ್ತೆ ಪುಟಿಸಿದಳು, ಹಾಕಿದಳು. ಅದೂ ಬಿತ್ತು. ಸೀಟಿ ಊದಿದರು. ಗೆದ್ದೆವು! ಮೊಮ್ಮಗಳನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದೆ. ನನ್ನ ಸೊಂಟ ಇನ್ನೂ ನೋಯುತ್ತಿದೆ, ನೋಯಲಿ.

ಮುಂದೆ ಕೇಳಿ. ದ್ರೋಹಿ ಅಂದಿದ್ದ ನಮ್ಮವರು ಓಡಿಬಂದು "ನಮ್ಮ ಊರ ಸೊಸಿ" ಎಂದು ಅವಳ ಜೊತೆ ಸೆಲ್ಫಿ ತೆಗೆಸಿಕೊಂಡರು. ಶೇಂಗಾದವನು ಎಲ್ಲರಿಗೂ ಕೇಳುವಂತೆ "ಕಲ್ತದ್ದ ನಮ್ಮ ಅಂಗಳದಾಗ" ಎಂದ. ಅರ್ಧ ತಾಸಿನಲ್ಲಿ ಅವಳ ಗುಣ ಹೇಗೆ ಬದಲಾಯಿತು? ಅವಳು ಬೆಳಿಗ್ಗೆ ಬಸ್ಸಿಳಿದಾಗ ಇದ್ದವಳೇ. ಬಂದು ಮಗಳ ಮೂಗು ಒರೆಸಿ, ಬುತ್ತಿಯಲ್ಲಿ ರೊಟ್ಟಿ ಉಳಿದಿದೆಯೇ ಎಂದು ಕೇಳಿದಳು. ಎರಡು ಉಳಿದಿದ್ದವು.

ಈಗ ಫೈನಲ್ಲು ಮುಂಡಗೋಡಿನವರ ಮೇಲೆ, ಮುಂಡಗೋಡಿನಲ್ಲೇ. ಅದು ನನ್ನ ತವರು. ಆ ರಾತ್ರಿಯೇ ಅಲ್ಲಿಂದ ನನ್ನ ತಮ್ಮ ಫೋನು ಮಾಡಿ, ಅಕ್ಕಾ, ನೀನಂತೂ ನಮ್ಮ ಕಡೆಯವಳೇ ಅಲ್ಲವೇ ಎಂದು ಕೇಳಿದ. ಇಂಥ ಮಾತನ್ನು ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಅವನ ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಎದುರಾ ಎದುರೇ ಹೇಳಿ ಬಂದೆ: "ಊಟ ನಿನ್ನ ಮನ್ಯಾಗ, ತಮ್ಮಾ. ಚಪ್ಪಾಳಿ ಹಳಿಯಾಳಕ್ಕ."