ಉಸಿರಿಗೆ ದಾರಿ ಬರೆದ ಭಾವ

ಭಾವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಸುಟ್ಟ ತೂತುಗಳಿರುತ್ತಿದ್ದವು. ಅರ್ಧ ಉರಿದ ಊದುಬತ್ತಿಯನ್ನು ಬೆರಳಲ್ಲೇ ನಂದಿಸಿ ಅಲ್ಲಿಗೆ ತುರುಕುತ್ತಿದ್ದರು. ಯಾವ ಕಟ್ಟಡಕ್ಕೆ ಹೋದರೂ ಮೊದಲು ಊದುಬತ್ತಿ ಹಚ್ಚಿ, ಬಾಗಿಲ ಸಂದಿಗೆ, ಮೂಲೆಗೆ ಹಿಡಿದು, ಹೊಗೆ ಎತ್ತ ವಾಲುತ್ತದೆಂದು ನೋಡುವುದು. "ದೇವರಿಲ್ಲದ ಕಡೆಯೆಲ್ಲ ಪೂಜೆ ಮಾಡುವ ಅಳಿಯ" ಎಂದು ಅಮ್ಮ ನಗುತ್ತಿದ್ದಳು.

ಅವರು ನನ್ನ ದೊಡ್ಡಕ್ಕನ ಗಂಡ. ಬೊಂಬಾಯಿಯ ಗಿರಣಿಗಳಿಗೆ ಗಾಳಿ, ತಂಪು, ಶಾಖದ ಏರ್ಪಾಡು ರೂಪಿಸುವ ಇಂಜಿನಿಯರಾಗಿದ್ದವರು, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಮಡಿಕೇರಿ ಬಳಿಯ ತಮ್ಮೂರು ಗಾಳಿಬೀಡಿಗೆ ಮರಳಿದರು. ಆಗ ಅಪ್ಪ ಮಡಿಕೇರಿಯಲ್ಲಿ ಹೋಟೆಲು ಕಟ್ಟಿಸುತ್ತಿದ್ದರು.

"ಕೋಣೆ ಎಷ್ಟು ಅಂತ ಆಮೇಲೆ ಹೇಳಿ ಮಾವ. ಒಂದೊಂದರಲ್ಲಿ ಎಷ್ಟು ಜನ ಉಸಿರಾಡ್ತಾರೆ, ಅದು ಹೇಳಿ" ಎಂದರು ಭಾವ.

ಅಡುಗೆಮನೆಯ ಹೊಗೆಗೂಡಿನ ಸುತ್ತ ಇನ್ನೊಂದು ಗೋಡೆ ಎಬ್ಬಿಸಿ, ನಡುವಿನ ಸಂದಿನಲ್ಲಿ ಹೊರಗಾಳಿ ಬೆಚ್ಚಗಾಗಿ ಏರಿ, ಕಿಂಡಿಗಳಿಂದ ಮಹಡಿಯ ಕೋಣೆಗಳಿಗೆ ಬರುವಂತೆ ನಕ್ಷೆ ಬರೆದರು. ಕೆಟ್ಟ ಗಾಳಿ ಹೋಗಲು ಸೂರಿನ ಬಳಿ ಬೇರೆ ಕಿಂಡಿ. "ಈ ಚಳಿಯಲ್ಲಿ ಗೋಡೆಗೆ ತೂತು ಎಂತಕ್ಕೆ ಮಾರಾಯ್ರೆ?" ಎಂದು ಪೇಟೆಯವರು ನಕ್ಕರು.

ಮಳೆಗಾಲ ಬಂತು. ಮಧ್ಯಾಹ್ನ ಒಲೆ ಆರಿದ ಮೇಲೆ ಕಿಂಡಿಯ ಗಾಳಿ ತಣ್ಣಗೆ ಮಂಚದ ತಲೆಗೇ ಬೀಸುತ್ತಿತ್ತು. ಬಂದವರು ಗೊಣಗಿದರು. ಭಾವ ಊರಲ್ಲಿಲ್ಲದಾಗ ಅಪ್ಪ ಕಿಂಡಿಗಳಿಗೆಲ್ಲ ಗೋಣಿ ತುರುಕಿಸಿ, ಕೋಣೆಗಳಿಗೆ ಕೆಂಡದ ಅಗ್ಗಿಷ್ಟಿಕೆ ಕೊಡಿಸಿದರು.

ಭಾವ ಹಿಂತಿರುಗಿದ ದಿನವೇ, ಹಾಸನದ ಕಡೆಯ ವಯಸ್ಸಾದ ದಂಪತಿ ಭಾಗಮಂಡಲದಿಂದ ತೊಯ್ದು ಬಂದು, ಬಟ್ಟೆ ಒಣಗಿಸಿಕೊಳ್ಳಲು ಬಾಗಿಲು ಹಾಕಿಕೊಂಡರು. ಕಾಫಿ ಒಯ್ದ ನಾನು ಎಷ್ಟು ಬಡಿದರೂ ಸದ್ದಿಲ್ಲ. ನನ್ನ ಕೂಗಿಗೆ ಮೇಲೆ ಓಡಿಬಂದ ಭಾವ ಹೆಗಲು ಕೊಟ್ಟು ಬಾಗಿಲು ಮುರಿದರು. ಕೆಂಡದ ಅಗ್ಗಿಷ್ಟಿಕೆಯ ಪಕ್ಕ ಇಬ್ಬರೂ ಎಚ್ಚರ ತಪ್ಪಿ ನೆಲದ ಮೇಲಿದ್ದರು. ಎರಚಲು ಹೊಡೆಯುತ್ತಿದ್ದ ಜಗಲಿಗೆ ಅವರನ್ನು ಎಳೆದು ತಂದೆವು. ಅಜ್ಜಿ ಬೇಗ ಕಣ್ಣು ಬಿಟ್ಟರು. ಅಜ್ಜ ಕೆಮ್ಮಿ ಉಸಿರೆಳೆಯುವವರೆಗೆ ಭಾವ ಅವರ ಎದೆಯ ಮೇಲಿಂದ ಕೈ ತೆಗೆಯಲಿಲ್ಲ.

ಅಪ್ಪ ಕಂಬಕ್ಕೊರಗಿ ನಿಂತಿದ್ದರು. "ಚಳಿ ಅಂದ್ರು, ಅದಕ್ಕೇ ಮುಚ್ಚಿಸಿದೆ..."

"ಚಳಿಯಾದ್ರೆ ಮನುಷ್ಯ ಬಾಯಿ ಬಿಟ್ಟು ಹೇಳ್ತಾನೆ ಮಾವ. ಗಾಳಿ ಕೆಟ್ರೆ ಹೇಳೋಕೆ ಅವನೇ ಇರೋದಿಲ್ಲ." ಅಜ್ಜನಿಗೆ ಕಂಬಳಿ ಹೊದಿಸುತ್ತ ಮತ್ತೆ ಅಂದರು: "ಜನ ಕಿಂಡಿ ಮುಚ್ಚಿದ್ರು ಅಂದ್ರೆ ಬರೆದವನು ತಪ್ಪು ಜಾಗದಲ್ಲಿ ಬರೆದಿದ್ದಾನೆ ಅಂತ. ಮಂಚ ಎಲ್ಲಿ ಬರ್ತದೆ ಅಂತ ನಾನು ನೋಡ್ಲಿಲ್ಲ."

ಆ ಮಳೆಗಾಲದಲ್ಲೇ ಕಿಂಡಿಗಳು ಬಾಗಿಲ ಮೇಲಕ್ಕೆ ಹೋದವು. ಸ್ನಾನದ ಹಂಡೆಯ ಒಲೆಯೂ ಅದೇ ಹೊಗೆಗೂಡಿಗೆ ಸೇರಿ, ಗೋಡೆ ದಿನವಿಡೀ ಬೆಚ್ಚಗಿರತೊಡಗಿತು. ಅಪ್ಪನ ನಂತರ ಹೋಟೆಲು ನನ್ನ ಕೈಗೆ ಬಂತು. ಒಂದು ಕಿಂಡಿಯನ್ನೂ ಯಾರೂ ಮುಚ್ಚಲಿಲ್ಲ.

ಭಾವ ತೀರಿಕೊಂಡದ್ದು ಜಡಿಮಳೆಯ ಒಂದು ಆಟಿ ತಿಂಗಳಲ್ಲಿ. ಗಾಳಿಬೀಡಿನ ಮನೆಯ ನಡುಕೋಣೆಯಲ್ಲಿ ಜನ ಕಿಕ್ಕಿರಿದಿದ್ದರು. ಮಳೆ ಎಂದು ಯಾರೋ ಕಿಟಕಿ ಹಾಕಿದ್ದರು. ಭಾವನ ತಲೆಯ ಬಳಿ ಕೂತು ಅಳುತ್ತಿದ್ದ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ತಿರುಗಿದಳು.

"ಆ ಕಿಟಕಿ ತೆಗಿ ತಮ್ಮ. ಇಷ್ಟು ಜನ ಇದ್ದಾರೆ. ಅವರಿದ್ದಿದ್ರೆ ಸುಮ್ನೆ ಕೂರ್ತಿದ್ರಾ?"