ಚಾಡಿ ಹೇಳುವ ಕೊಳ್ಳ

ಗಾಡಿ ಏರಿದ ಕೂಡಲೇ ಆಪಾ ಚಪ್ಪಲಿ ಕಳಚಿ ನನ್ನ ಸೀಟಿನ ಕೆಳಗೆ ತಳ್ಳುತ್ತಿದ್ದರು. ಆಕ್ಸಿಲರೇಟರ್ ಮೇಲೆ ಬರಿಗಾಲು. ಮೆಹಂದಿ ಹಚ್ಚಿ ಹಚ್ಚಿ ಕಿತ್ತಳೆಗೆ ತಿರುಗಿದ ಉಗುರುಗಳು, ಬಿರುಕು ಬಿಟ್ಟ ಹಿಮ್ಮಡಿ, ಏನನ್ನೋ ಆಲಿಸುವಂತೆ ಸ್ವಲ್ಪ ಮೇಲೆದ್ದ ಹೆಬ್ಬೆರಳು.

“ಕಾಲಿಗಿ ಗಾಡಿ ತಿಳೀಬೇಕು, ಮೇಡಮ್ಮಾ. ಚಪ್ಪಲಿಗಿ ತಿಳದ್ರ ಏನ್ ಬಂತು?”

ಬಾಗಲಕೋಟೆಯ ನವನಗರದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದು ನುಗ್ಗೆಗಿಡವಷ್ಟೇ ಇತ್ತು. ನನಗಿಂತ ತುಸು ದೊಡ್ಡವರು, ಅದಕ್ಕೆ ‘ಆಪಾ’. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು, ಮಾತಿಗೊಂದು ಇಂಗ್ಲಿಷ್ ಸೇರಿಸುವವಳು, ಅದಕ್ಕೆ ‘ಮೇಡಮ್ಮ’. ಆಪಾರ ಗಂಡ ತೀರಿಹೋದ ಮೇಲೆ ಅವರ ಹಳೆಯ ಬಿಳಿ ಕಾರು ಅಂಗಳದಲ್ಲಿ ಧೂಳು ತಿನ್ನುತ್ತಿತ್ತು. ಒಂದು ದಿನ ಆಪಾ ಅದಕ್ಕೆ ನೀರು ಹಾಕಿ ತೊಳೆದರು. ಮರುವಾರವೇ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಅಜ್ಜಿಯಾದ ಮೇಲೆ! ಓಣಿಯೆಲ್ಲ ನಕ್ಕಿತು. ಲೈಸೆನ್ಸ್ ಕೈಗೆ ಬಂದ ದಿನ ಆಪಾ ಓಣಿಗೆಲ್ಲ ಅಮೀನಗಡದ ಕರದಂಟು ಹಂಚಿ, “ಇನ್ನೊಮ್ಮೆ ನಗ್ರಿ” ಅಂದರು.

ಅವರಿಗೊಂದು ಹುಡುಕಾಟವಿತ್ತು. ಅವರ ಅಬ್ಬಾ ಇಳಕಲ್ಲಿನವರು, ಸೈಕಲ್ಲಿನ ಮೇಲೆ ಸೀರೆಯ ಗಂಟು ಹೇರಿಕೊಂಡು ಹಳ್ಳಿಹಳ್ಳಿ ತಿರುಗಿ ಮಾರುತ್ತಿದ್ದರು. ಆ ಗಂಟಿನ ಮೇಲೆ ಪುಟ್ಟ ಆಪಾ ಕೂತಿರುತ್ತಿದ್ದಳು. ಬಾದಾಮಿ–ಐಹೊಳೆಗಳ ನಡುವೆ ಎಲ್ಲೋ ಕೆಂಪು ಗುಡ್ಡಗಳು ಎದುರುಬದುರು ನಿಂತ ಜಾಗವೊಂದಿತ್ತಂತೆ. ಅಲ್ಲಿ ಅಬ್ಬಾ ಸೈಕಲ್ ನಿಲ್ಲಿಸಿ, “ನಿನ್ನ ಹೆಸರು ಒದರು” ಅನ್ನುತ್ತಿದ್ದರು. ಮಗಳು ಒದರಿದರೆ ಗುಡ್ಡ ಎರಡು ಸಲ ತಿರುಗಿ ಹೇಳುತ್ತಿತ್ತು. “ಈ ಕೊಳ್ಳ ಭಾಳ ಚಾಡಿಕೋರ ಐತಿ. ನೀ ಹೇಳಿದ್ದನ್ನ ಎಲ್ಲಾರಿಗೂ ಹೇಳ್ತೈತಿ. ನಿನ್ನ ಹೆಸರು ಕಲತ್ ಬಿಟ್ಟೈತಿ, ಇನ್ನ ಮರೆಯಂಗಿಲ್ಲ” ಎನ್ನುತ್ತಿದ್ದರಂತೆ.

ಅದನ್ನು ಇನ್ನೊಮ್ಮೆ ಕೇಳಬೇಕು, ಅಷ್ಟೇ ಆಪಾರ ಆಸೆ. ಆದರೆ ಕಿವಿ ಹೋಗುತ್ತಿತ್ತು. ಬಲಗಿವಿ ಆಗಲೇ ಮುಚ್ಚಿತ್ತು. ನನ್ನ ಸೀಟು ಎಡಗಡೆ, ಅವರ ಒಳ್ಳೆಯ ಕಿವಿಯ ಕಡೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಅವರ ಮೊಣಕಾಲು ತಟ್ಟುವುದು ನನ್ನ ಡ್ಯೂಟಿ. ದವಾಖಾನೆಯಲ್ಲಿ, ಎಡಗಿವಿಯೂ ದಿನೇ ದಿನೇ ಕಡಿಮೆಯಾಗುತ್ತದೆ, ಮಶೀನಿನಿಂದ ಹೆಚ್ಚು ಉಪಯೋಗವಿಲ್ಲ ಎಂದಿದ್ದರು. ಈ ಚಳಿಗಾಲ ಮುಗಿದರೆ ಗಾಡಿಯ ಕೀಲಿ ನಿನ್ನ ಕೈಗೆ ಎಂದು ಆಪಾ ಮಗಳಿಗೆ ಮಾತು ಕೊಟ್ಟಿದ್ದರು.

ಹಾಗಾಗಿ ಆ ಚಳಿಗಾಲವಿಡೀ ತಿರುಗಿದೆವು. ಹುಲಿಗೆಮ್ಮನ ಕೊಳ್ಳ, ಮಹಾಕೂಟದ ಹಿಂದಿನ ದಾರಿ, ಮಲಪ್ರಭೆಯ ದಂಡೆಯ ಹೊಲಗಳು. ಒಂದೆಡೆ ತೆನೆ ಬಿಟ್ಟ ಬಿಳಿಜೋಳ, ಇನ್ನೊಂದೆಡೆ ಯಾರೋ ಈಗಷ್ಟೇ ಕತ್ತರಿಸಿಟ್ಟಂಥ ಕೆಂಪು ಬಂಡೆ. ಹೌ ಲವ್ಲಿ ಎಂದು ನಾನು ಉದ್ಗರಿಸಿದರೆ ಆಪಾ, “ಲವ್ಲಿ ಆಮ್ಯಾಲ, ಮೊದಲ ದಾರಿ ಕೇಳು” ಎನ್ನುತ್ತಿದ್ದರು.

ದಾರಿ ಕೇಳುವುದೇ ಕಷ್ಟ. ನನಗೆ ವ್ಯಾಲಿ ಎಂದರೆ ಜಿಯಾಗ್ರಫಿ ಪುಸ್ತಕದ ವ್ಯಾಲಿ, ಕನ್ನಡದಲ್ಲಿ ‘ಕಣಿವೆ’; ಇಲ್ಲಿಯವರ ‘ಕೊಳ್ಳ’ ನನ್ನ ನಾಲಿಗೆಗೆ ಬರುತ್ತಿರಲಿಲ್ಲ. ಪಟ್ಟದಕಲ್ಲಿನ ಹತ್ತಿರ ಎತ್ತು ಹೊಡೆದುಕೊಂಡು ಹೊರಟಿದ್ದ ರೈತನಿಗೆ, “ಇಲ್ಲಿ ಪ್ರತಿಧ್ವನಿ ಬರುವ ಕಣಿವೆ ಎಲ್ಲಿದೆ?” ಎಂದು ಕೇಳಿದೆ.

“ಕಣಿಕಿ ಏನ್ರಿ? ನಮ್ಮಲ್ಲೇ ಐತಿ. ಎಷ್ಟ್ ಸೂಡ ಬೇಕು?”

ಕಣಿಕಿ ಎಂದರೆ ಜೋಳದ ಒಣಮೇವು. ಆಪಾ ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಕ್ಕರು, ಹಾರ್ನ್ ಕೂಗಿತು, ಎತ್ತು ಬೆದರಿತು. ಮುಂದಿನ ಊರಲ್ಲಿ ಅವರೇ ಇಳಿದು ಕಟ್ಟೆಯ ಮೇಲೆ ಕೂತವರಿಗೆ, “ಚಾಡಿಕೊಳ್ಳ ಎಲ್ಲಿ ಐತ್ರಿ?” ಎಂದು ಕೇಳಿದರು. ಒಬ್ಬ ಮುದುಕ ಟವೆಲ್ ಕೊಡವಿ ಎದ್ದೇಬಿಟ್ಟ.

“ಚಾಡಿ ಹೇಳೋರು ನಮ್ಮೂರಾಗ ಯಾರೂ ಇಲ್ರಿ. ಆಚಿ ಊರಾಗ ಕೇಳ್ರಿ, ಅಲ್ಲಿ ಮನಿಗೊಬ್ರು ಅದಾರ!”

ಈಗ ನಗುವ ಸರದಿ ನನ್ನದು. ಆ ಹೆಸರು ಅಬ್ಬಾ ಮಗಳಿಗಾಗಿ ಕಟ್ಟಿದ್ದು, ಊರವರಿಗೆ ಹೇಗೆ ಗೊತ್ತಿರಬೇಕು?

ಜಾಗ ಸಿಕ್ಕಿದ್ದು, ಹುಡುಕುವುದನ್ನು ಬಿಟ್ಟು ಮನೆಗೆ ಹೊರಟಾಗ. ಐಹೊಳೆಗೆ ಮುಂಚೆ ಒಂದು ಕಚ್ಚಾ ರಸ್ತೆಯಲ್ಲಿ ಎಂಜಿನ್ ಕಾಯ್ದು ಹೊಗೆಯೆದ್ದಿತು. ಆಪಾ ಬಾನೆಟ್ ಎತ್ತಿ, ಎಂಜಿನ್ ಆರಲೆಂದು ಸೆರಗಿನಿಂದ ಗಾಳಿ ಹಾಕುತ್ತಿದ್ದರು. ಗುಡ್ಡದ ಬುಡದಲ್ಲಿ ಆಡು ಮೇಯಿಸುವ ಹೆಂಗಸು “ಬಾ ಲೇ ಬಾ!” ಎಂದು ಕೂಗಿದಳು. ಗುಡ್ಡ ‘ಬಾ’ ಎಂದಿತು. ಸ್ವಲ್ಪ ತಡೆದು, ಇನ್ನೊಮ್ಮೆ ‘ಬಾ’.

ಆಪಾರನ್ನು ನೋಡಿದೆ. ಅವರು ಗಾಳಿ ಹಾಕುತ್ತಲೇ ಇದ್ದರು.

ಅವರ ಮುಂಗೈ ಹಿಡಿದೆ. ಕೈಯಿಂದ ಗುಡ್ಡ ತೋರಿಸಿದೆ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಸೆರಗು ಬಿಗಿದು, ಬರಿಗಾಲಲ್ಲೇ ನಾಲ್ಕು ಹೆಜ್ಜೆ ಮುಂದೆ ಹೋಗಿ, ಎದೆತುಂಬ ತಮ್ಮ ಹೆಸರನ್ನು ಒದರಿದರು. ಎಡಗಿವಿಯ ಹಿಂದೆ ಅಂಗೈ ಒಡ್ಡಿ ನಿಂತರು. ಬಹಳ ಹೊತ್ತು ನಿಂತರು.

“ಬಂತೇನ?”

“ಬಂತು, ಆಪಾ.”

“ಎಷ್ಟ್ ಸಲ?”

“ಎರಡು ಸಲ.”

“ಖರೆ. ಎರಡ ಸಲನ.” ಕೈ ಕೆಳಗಿಳಿಸಿದರು. ಮುಖದಲ್ಲಿ ಅಳು ಬಂದೀತು ಅಂದುಕೊಂಡೆ. ಬಂದದ್ದು ಮತ್ತೊಂದು ಪ್ರಶ್ನೆ. “ಹೆಂಗ ಹೇಳ್ತು? ಸಿಟ್ಟಿಲೇ ಹೇಳ್ತೋ, ನಕ್ಕೋತ ಹೇಳ್ತೋ?”

ಇಂಥದ್ದನ್ನು ಕಾನ್ವೆಂಟಿನ ಯಾವ ಸಿಸ್ಟರ್ ನನಗೆ ಕಲಿಸಿದ್ದರು? ಯೋಚಿಸಿ ಹೇಳಿದೆ: “ಮೊದಲ ಸಲ ನಿಮ್ಮ ದನಿಯೇ. ಎರಡನೇ ಸಲ ಮಾತ್ರ ಸಣ್ಣಗೆ, ಎಳೆಯದಾಗಿ... ಸಣ್ಣ ಹುಡುಗಿ ಕೂಗಿದ ಹಾಗೆ.”

ಆಪಾ ಗುಡ್ಡದ ಕಡೆ ನೋಡುತ್ತ ನಿಂತರು. “ಹಂಗಾರ ಅಲ್ಲೇ ಅದಾಳ,” ಅಂದರು.

ಅಷ್ಟರಲ್ಲಿ ಆಡುಗಳೆಲ್ಲ ಅವರ ಸುತ್ತ ಬಂದು ನೆರೆದಿದ್ದವು. ಹೆಂಗಸು ಕೋಲು ಹಿಡಿದು ಓಡಿ ಬಂದಳು.

“ಏನ್ ಕಳಕೊಂಡೀರಿ ಯವ್ವಾ, ಹಿಂಗ ಒದರಾಕತ್ತೀರಿ?”

“ಕಳದಿದ್ದು ಸಿಕ್ತವ್ವಾ,” ಎಂದರು ಆಪಾ. ಆಕೆಯ ಕೊಡದಿಂದ ಎಂಜಿನ್ನಿಗೆ ನೀರು ಸಿಕ್ಕಿತು, ನಮ್ಮ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ಆಕೆಗೆ ಹೋಯಿತು. ಈ ಕೊಳ್ಳಕ್ಕೆ ಹೆಸರೇನು ಎಂದು ಕೇಳಿದೆ. “ಕೊಳ್ಳಕ್ಕ ಎಂಥಾ ಹೆಸರ್ರಿ? ಕೊಳ್ಳ ಅಂದ್ರ ಕೊಳ್ಳ.”

ಚಳಿಗಾಲ ಮುಗಿಯುವ ಮೊದಲೇ ಆಪಾ ಕೀಲಿಯನ್ನು ಮಗಳಿಗೆ ಕೊಟ್ಟರು. ಆಮೇಲೆ ಜಗತ್ತಿನ ಸದ್ದುಗಳನ್ನೆಲ್ಲ ನನ್ನನ್ನೇ ಕೇಳುವುದು ರೂಢಿಯಾಯಿತು. ಮಳೆ ಜೋರು ಐತೇನು? ಕುಕ್ಕರ್ ಹೆಂಗ ಕೂಗಾಕತ್ತೈತಿ? ಸಂಜೆಯ ಆಜಾನ್ ಇವತ್ತು ಯಾರ ದನಿ, ಮುದುಕನದೋ, ಹುಡುಗನದೋ? ಉತ್ತರ ಹೇಳಬೇಕೆಂದು ನಾನು ಗಮನವಿಟ್ಟು ಕೇಳತೊಡಗಿದೆ. ಅಲ್ಲಿಯವರೆಗೆ ನನಗೆ ಕಿವಿಗಳಿದ್ದವು, ಅಷ್ಟೇ. ಕೇಳುವುದನ್ನು ಕಲಿಸಿದ್ದು ಕಿವುಡಾದ ಆಪಾ.

ಹೋದ ವರ್ಷ ಅವರು ನಿದ್ದೆಯಲ್ಲೇ ಹೋದರು. ನಲವತ್ತನೇ ದಿನದ ಫಾತಿಹಾ ಆದ ಮೇಲೆ ಅವರ ಮಗಳು ಅದೇ ಬಿಳಿ ಕಾರಿನಲ್ಲಿ ನನ್ನನ್ನು ಆ ಕೊಳ್ಳಕ್ಕೆ ಕರೆದೊಯ್ದಳು. ಚಪ್ಪಲಿ ಬಿಟ್ಟು ಇಳಿದೆ. ನೆಲ ಕಾದಿತ್ತು. ಇಷ್ಟು ವರ್ಷ ಬರೀ ‘ಆಪಾ’ ಎಂದವಳು ಮೊದಲ ಬಾರಿಗೆ ಅವರ ಹೆಸರನ್ನು ಕೂಗಿದೆ.

ಗುಡ್ಡ ಮರೆತಿರಲಿಲ್ಲ. ಎರಡು ಸಲ ಹೇಳಿತು.

ಆ ಹೆಸರನ್ನು ಇಲ್ಲಿ ಬರೆಯಲಾರೆ. ಚಾಡಿ ಹೇಳುವುದು ಕೊಳ್ಳದ ಕೆಲಸ.